ಮಡಚಿದ ಎರಡು ಬೆರಳು

ಪಣಜಿ
27 ಫೆಬ್ರವರಿ 2025

ತಂಗಿ ಸುವರ್ಣಾಳಿಗೆ ಶ್ರೀಶೈಲನ ಆಶೀರ್ವಾದಗಳು.

ಮೂರು ವರ್ಷದಿಂದ ನಿನ್ನ ಫೋನಿಗೆ ನನ್ನ ಕರೆ ಹೋಗುತ್ತಿಲ್ಲ. ನಂಬರು ಬ್ಲಾಕ್ ಮಾಡಿದ್ದೀಯೆಂದು ಗೊತ್ತು. ನಿನ್ನ ಅವ್ವ, ನನ್ನ ಚಿಗವ್ವ, ತೀರಿಕೊಂಡಾಗ ನಾನು ಮಣ್ಣಿಗೆ ಬರಲಿಲ್ಲ, ಅದರ ಸಿಟ್ಟು. ಹೋಟೆಲಿನಲ್ಲಿ ಆ ವಾರ ರಜೆ ಸಿಗಲಿಲ್ಲವೆಂದು ಅವತ್ತೇ ಹೇಳಿ ಕಳಿಸಿದ್ದೆ. ಇರಲಿ. ಅಗರಖೇಡದ ಟಪಾಲು ಕಚೇರಿ ನಡೆಸುವವಳು ನೀನೇ ಆದ್ದರಿಂದ, ಪತ್ರ ಬರಲೇ ಇಲ್ಲ ಎಂದು ಹೇಳುವುದಕ್ಕೆ ನಿನಗೂ ದಾರಿಯಿಲ್ಲ.

ಸಂತೋಷದ ಸುದ್ದಿ ಇದೆ. ನಾನು ಮುಖ್ಯ ಶೆಫ್ ಆಗಿರುವ ಈ ಹೋಟೆಲಿನಲ್ಲಿ ಬಸವ ಜಯಂತಿಯ ದಿನ, ಅಂದರೆ ಏಪ್ರಿಲ್ ಮೂವತ್ತಕ್ಕೆ, ಹೊಸ ಊಟದ ಮನೆ ತೆರೆಯುತ್ತಿದ್ದೇವೆ. ಹೆಸರು 'ಕಸ್ತೂರೆವ್ವನ ಒಲೆ'. ನನ್ನ ಅವ್ವನ ಹೆಸರು ಸಮುದ್ರದ ದಂಡೆಯಲ್ಲಿ ದೀಪದ ಅಕ್ಷರಗಳಲ್ಲಿ ಬೆಳಗಲಿದೆ. ಅಲ್ಲಿಯ ಮುಖ್ಯ ಊಟ ನಮ್ಮ ಹೂವಿನ ಹಿಪ್ಪರಗಿ ಮನೆಯ ಮಸಾಲೆ ಖಾರ ತುಂಬಿದ ಬದನೆಕಾಯಿ ಎಣ್ಣೆಗಾಯಿ, ಬಿಸಿ ಜೋಳದ ರೊಟ್ಟಿ. ಹೋದ ತಿಂಗಳು ಟಿವಿಯ ಅಡುಗೆ ಕಾರ್ಯಕ್ರಮದಲ್ಲಿ ಅದೇ ಖಾರ ಕುಟ್ಟಿ ತೋರಿಸಿದೆ. ಲಕ್ಷಾಂತರ ಜನ ನೋಡಿದ್ದಾರೆ. ನೀನೂ ನೋಡಿರಬೇಕು.

ಈಗ ಒಂದು ಕೆಲಸ. ಮನೆ ಪಾಲಾದಾಗ ನಿಮ್ಮ ಕಡೆ ಬಂದ ಕಲ್ಲಿನ ಒರಳು ಮತ್ತು ಒನಕೆ ನಿನ್ನ ಹತ್ತಿರವೇ ಇವೆ. ಅವುಗಳನ್ನು ಊಟದ ಮನೆಯ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದಿದ್ದೇನೆ. ಪಕ್ಕದ ಫಲಕಕ್ಕೆ ನಾನೇ ಹೀಗೆ ಬರೆದಿದ್ದೇನೆ: 'ಈ ಒರಳಿನಲ್ಲಿ ಒಬ್ಬಳು ನಿಂತು ಕುಟ್ಟುತ್ತಿದ್ದಳು, ಇನ್ನೊಬ್ಬಳು ಕೂತು ಕೈಯಾಡಿಸುತ್ತಿದ್ದಳು. ಕೈಯಾಡಿಸುವವಳು ಕೈ ಹೊರಗೆ ತೆಗೆದು ಹೂಂ ಎನ್ನಬೇಕು. ಹೂಂ ಕೇಳಿದ ಮೇಲೆಯೇ ಒನಕೆ ಬೀಳಬೇಕು. ಇದು ನಮ್ಮ ಮನೆಯ ತಾಳ.' ಚೆನ್ನಾಗಿದೆಯಲ್ಲವೇ?

ಮಾರ್ಚ್ ಕೊನೆಗೆ ಗಾಡಿ ಕಳಿಸುತ್ತೇನೆ. ಒರಳನ್ನು ಗೋಣಿಚೀಲದಲ್ಲಿ ಸುತ್ತಿ ಇಡು.

ನಿನ್ನ ಅಣ್ಣ,
ಶ್ರೀಶೈಲ

*

ಅಗರಖೇಡ, ತಾ. ಇಂಡಿ
6 ಮಾರ್ಚ್ 2025

ಶ್ರೀಶೈಲ ಗುರಲಿಂಗಪ್ಪ ಅವರಿಗೆ,

ನಿಮ್ಮ ಪತ್ರಕ್ಕೆ ನಾನೇ ಮುದ್ರೆ ಹೊಡೆದು, ನನಗೇ ಹಂಚಿ, ನಾನೇ ಸಹಿ ಮಾಡಿ ತೆಗೆದುಕೊಂಡಿದ್ದೇನೆ. ಆದ್ದರಿಂದ ಮುಟ್ಟಿದೆ.

ನಿಮ್ಮ ಕಾರ್ಯಕ್ರಮ ನೋಡಿದೆ. ನಮ್ಮಲ್ಲಿ ಟಪಾಲು ಹಂಚುವ ಆಯೇಶಾ ಫೋನನ್ನು ಮುಖದ ಮುಂದೆ ಹಿಡಿದು, "ಅಕ್ಕಾರ, ನಿಮ್ಮ ಅಣ್ಣಾರನ್ನ ನೋಡ್ರಿ, ಉಪ್ಪು ಹಾಕೂದು ಎಷ್ಟ ಛಂದ ಐತಿ!" ಎಂದಳು. ನೋಡಿದೆ. ಬಿಳಿ ಕೋಟು, ತಲೆಯ ಮೇಲೆ ಉದ್ದ ಟೊಪ್ಪಿಗೆ. ಉಪ್ಪಿನ ಡಬ್ಬಿಗೆ ಕೈ ಹಾಕಿದಿರಿ. ಬಲಗೈಯ ಕಿರುಬೆರಳು, ಅದರ ಪಕ್ಕದ ಉಂಗುರದ ಬೆರಳು ಎರಡನ್ನೂ ಅಂಗೈಗೆ ಮಡಚಿದಿರಿ. ಉಳಿದ ಮೂರರಲ್ಲಿ ಉಪ್ಪು ಹಿಡಿದು ಒರಳಿಗೆ ಸುರಿದಿರಿ. ಮೂರು ಸಲ. ಕಾರ್ಯಕ್ರಮ ನಡೆಸುವ ಹುಡುಗಿ, ಯಾಕೆ ಸರ್ ಹಾಗೆ ಬೆರಳು ಮಡಚುತ್ತೀರಿ ಎಂದು ಕೇಳಿದಳು. ನೀವು ನಕ್ಕು, 'ಇದು ನಮ್ಮ ಮನೆತನದ ಪದ್ಧತಿ, ಹಿರಿಯರಿಂದ ಬಂದದ್ದು' ಎಂದಿರಿ.

ಪದ್ಧತಿಯೇ? ನನ್ನ ಅವ್ವ ನೀಲಗಂಗವ್ವನ ಬಲಗೈಯಲ್ಲಿ ಆ ಎರಡು ಬೆರಳು ಇರಲಿಲ್ಲ. ಅವಳು ಮಡಚುತ್ತಿರಲಿಲ್ಲ. ಅವಳಿಗೆ ಮಡಚಲು ಬೆರಳೇ ಇರಲಿಲ್ಲ. ಆ ಕೈಯನ್ನು ಜನರ ಮುಂದೆ ಅಣಕಿಸಿ ತೋರಿಸಿ, ಅದಕ್ಕೆ ಮನೆತನದ ಹೆಸರು ಹಚ್ಚಿ, ಮೇಲೆ ನಿಮ್ಮ ಅವ್ವನ ಹೆಸರಿನ ಬೋರ್ಡು ಹಾಕುತ್ತೀರಿ. ಈಗ ನಮ್ಮೂರಿನ ಸಾಲಿ ಹುಡುಗರು ಮಧ್ಯಾಹ್ನದ ಊಟದಲ್ಲಿ ಎರಡು ಬೆರಳು ಮಡಚಿ ಉಪ್ಪು ತೆಗೆದುಕೊಳ್ಳುತ್ತಿದ್ದಾರೆ. ನಿನ್ನೆ ಒಬ್ಬ ನನ್ನ ಮುಂದೆಯೇ ಹಾಗೆ ಮಾಡಿ ನಕ್ಕ. ಹೊಡೆಯಬೇಕೆನ್ನಿಸಿತು. ಅವನದೇನು ತಪ್ಪು?

ಇನ್ನೊಂದು ನೋಡಿದೆ. ಆ ಹುಡುಗಿ ಪಾಪ ಪ್ರೀತಿಯಿಂದ ಒರಳಿಗೆ ಕೈ ಹಾಕಿದಳು. ನೀವು ಒದರಿ ಅವಳ ಮುಂಗೈ ಹಿಡಿದು ಎಳೆದಿರಿ. ನಿಮ್ಮ ಮುಖ ಬಿಳಿಚಿಕೊಂಡಿತ್ತು. ಅಷ್ಟು ದೊಡ್ಡಸ್ತಿಕೆ ಬಂದಿದೆಯೇ? ಪರರು ಮುಟ್ಟಿದರೆ ನಿಮ್ಮ ಖಾರ ಕೆಡುತ್ತದೆಯೇ?

ಒರಳು ಕೊಡುವುದಿಲ್ಲ. ಗಾಡಿ ಕಳಿಸಿದರೆ ಖಾಲಿ ತಿರುಗಿಸುತ್ತೇನೆ.

ಸುವರ್ಣಾ
ನೀಲಗಂಗವ್ವನ ಮಗಳು

*

ಪಣಜಿ
13 ಮಾರ್ಚ್ 2025

ಸುವರ್ಣಾ,

ನಿನ್ನ 'ನೀವು' ಮುಟ್ಟಿತು. ನಾನು ಚೊಣ್ಣ-ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು 'ನೀ' ಎಂದವಳು ಇವತ್ತು ಕಚೇರಿಯ ಭಾಷೆ ಕಲಿತಿದ್ದೀ. ನಾನು ಮಾತ್ರ ಹಾಗೆ ಬರೆಯುವುದಿಲ್ಲ.

ನಾನು ಯಾರನ್ನೂ ಅಣಕಿಸಿಲ್ಲ. ಉಪ್ಪು ಹಾಗೆ ಹಿಡಿಯುವುದು ನನ್ನ ಕೈಯ ರೂಢಿ. ಜನರಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೂ ಸಿಟ್ಟೇ? ಚಿಗವ್ವನ ಕೈ ಕಬ್ಬಿನ ಗಾಣದಲ್ಲಿ ಸಿಕ್ಕಿ ಹೋಯಿತು. ಊರಿಗೆಲ್ಲ ಗೊತ್ತಿರುವ ಮಾತು. ಅದಕ್ಕೂ ನಮ್ಮ ಖಾರಕ್ಕೂ ಏನು ಸಂಬಂಧ?

ಹೆಸರಿನ ವಿಷಯಕ್ಕೆ ಬರೋಣ. ಆ ಮನೆಯ ಹಿರಿಯ ಸೊಸೆ ನನ್ನ ಅವ್ವ. ಮೆಣಸಿನಕಾಯಿ ಆರಿಸಿ ತಂದವಳು ಅವಳು, ಹುರಿದವಳು ಅವಳು, ಒನಕೆ ಎತ್ತಿ ಕುಟ್ಟಿದವಳು ಅವಳು. ನಿನ್ನ ಅವ್ವ ಕೂತು ಕೈಯಾಡಿಸಿದಳು. ಕೂತು ಕೈಯಾಡಿಸಿದವರ ಹೆಸರನ್ನು ಯಾರೂ ಬಾಗಿಲ ಮೇಲೆ ಬರೆಯುವುದಿಲ್ಲ.

ನನ್ನನ್ನು ದೊಡ್ಡಸ್ತಿಕೆಯವನು ಎನ್ನುವ ಮೊದಲು ನೆನಪಿಸಿಕೊ. ಚಿಗವ್ವನಿಗೆ ಕೈ ಹೋದ ಆ ಬೇಸಿಗೆಯಲ್ಲಿ ಮೂರು ತಿಂಗಳು ನಿಮ್ಮೆಲ್ಲರಿಗೆ ರೊಟ್ಟಿ ಬಡಿದು ಹಾಕಿದವನು ನಾನು. ಹದಿನೇಳು ವರ್ಷದ ಗಂಡು ಹುಡುಗ, ಪಿಯುಸಿ ಪರೀಕ್ಷೆ ಬರೆದು ಬಂದವನು. ಓಣಿಯ ಗೆಳೆಯರು ಬಂದು ಬಾಗಿಲಲ್ಲಿ ನಿಂತು ನಗುತ್ತಿದ್ದರು. ನೀನು ತಾಟು ಹಿಡಿದು, 'ಅಣ್ಣಾ, ಇನ್ನೊಂದ' ಎನ್ನುತ್ತಿದ್ದೆ. ಅದನ್ನು ಮರೆತಿದ್ದೀ.

ಒರಳು ಹಿರಿಯರ ಪಾಲಿನದು. ನಿಮ್ಮ ಅಪ್ಪ ರಾಚಪ್ಪ ಕಾಕಾ ಕೇಳಿದರೆಂದು ನನ್ನ ಅಪ್ಪ ಸುಮ್ಮನೆ ಬಿಟ್ಟುಕೊಟ್ಟ. ಕೊಡುವುದಿಲ್ಲ ಎಂದರೆ ಹಿಪ್ಪರಗಿಯ ಹಿರಿಯರನ್ನು ಕರೆದುಕೊಂಡು ನಿನ್ನ ಅಂಗಳಕ್ಕೇ ಬರುತ್ತೇನೆ.

ಶ್ರೀಶೈಲ

*

ಅಗರಖೇಡ
19 ಮಾರ್ಚ್ 2025

ಶ್ರೀಶೈಲ,

ಬಾ. ಹಿರಿಯರನ್ನು ಕರೆದುಕೊಂಡೇ ಬಾ. ಅವರ ಮುಂದೆಯೇ ಹೇಳಬೇಕಾದ ಮಾತು ನನ್ನ ಹತ್ತಿರ ಇದೆ. ನಿನಗೆ ಮೊದಲು ಹೇಳುತ್ತೇನೆ, ದಾರಿಯಲ್ಲಿ ಯೋಚನೆ ಮಾಡಿಕೊಂಡು ಬರಲು.

ಗಾಣವಂತೆ! ಅದು 1995ರ ಏಪ್ರಿಲ್ ತಿಂಗಳು. ಹಿಪ್ಪರಗಿಯ ಕಬ್ಬಿನ ಗಾಣ ಆ ವರ್ಷ ಶಿವರಾತ್ರಿಗೇ ನಿಂತಿತ್ತು. ನಿಂತ ಗಾಣದಲ್ಲಿ ಕೈ ಹೇಗೆ ಸಿಗುತ್ತದೆ? ನಾನು ಹನ್ನೆರಡು ವರ್ಷದವಳು. ಪರೀಕ್ಷೆ ಬರೆದು ಮನೆಗೆ ಬಂದಾಗ ಅವ್ವ ಇರಲಿಲ್ಲ, ಬಾಗೇವಾಡಿಯ ದವಾಖಾನೆಗೆ ಒಯ್ದಿದ್ದರು. ಒರಳನ್ನು ತೊಳೆದು ಮೇಲೆ ಗೋಣಿಚೀಲ ಹೊದಿಸಿತ್ತು. ಬೆಳಿಗ್ಗೆ ಹುರಿದಿಟ್ಟ ಮೆಣಸಿನಕಾಯಿ ಬುಟ್ಟಿಯೇ ಕಾಣಲಿಲ್ಲ. ಆ ಇಡೀ ವರ್ಷ ನಮ್ಮ ಮನೆಯಲ್ಲಿ ಪೇಟೆಯ ಖಾರದ ಪುಡಿ ತಿಂದೆವು. ಯಾಕೆ ಎಂದು ಯಾರನ್ನೂ ಕೇಳುವ ಧೈರ್ಯ ನನಗಿರಲಿಲ್ಲ.

ಅವ್ವ ಹಾಸಿಗೆ ಹಿಡಿದ ಕೊನೆಯ ವರ್ಷ ನಾನೇ ಅವಳಿಗೆ ಎರೆಯುತ್ತಿದ್ದೆ. ಒಂದು ದಿನ ಆ ಕೈ ತಿಕ್ಕುತ್ತಾ, "ಗಾಣದಾಗ ಸಿಕ್ಕಾಗ ಭಾಳ ನೋವ ಆಗಿತ್ತೇನಬೇ?" ಎಂದೆ.

"ಗಾಣ ಎಲ್ಲೀದು, ತಂಗಿ. ಒನಕಿ," ಎಂದಳು.

"ಯಾರ ಕೈಯಾಗಿತ್ತು ಒನಕಿ?"

"ಯಾರ ಕೈಯಾಗಿದ್ದರ ಏನು, ಬೆರಳು ನನ್ನವು. ನೀರು ಹಾಕು."

ಅಷ್ಟೇ. ಮತ್ತೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಬಿಡದಿದ್ದರೇನು? ಆ ಮನೆಯಲ್ಲಿ ನನ್ನ ಅವ್ವ ಕೈಯಾಡಿಸಿದರೆ ಕುಟ್ಟುತ್ತಿದ್ದವಳು ಒಬ್ಬಳೇ. ನೀನೇ ಬರೆದಿದ್ದೀಯಲ್ಲ, 'ಒನಕೆ ಎತ್ತಿ ಕುಟ್ಟಿದವಳು ನನ್ನ ಅವ್ವ' ಎಂದು. ಆ ದಿನದ ಮೇಲೆ ದೊಡ್ಡವ್ವ ನನ್ನ ಅವ್ವನ ಜೊತೆ ಮಾತಾಡಲಿಲ್ಲ. ಮುಖ ತಪ್ಪಿಸಿ ಓಡಾಡಿದಳು. ಎರಡು ವರ್ಷದಲ್ಲಿ ಮನೆ ಪಾಲಾಯಿತು. ತಪ್ಪು ಮಾಡದವರು ಹಾಗೆ ಮುಖ ತಪ್ಪಿಸುತ್ತಾರೆಯೇ? ನೆಗೆಣ್ಣಿಯರ ನಡುವೆ ಆ ದಿನ ಏನು ಜಗಳವಾಗಿತ್ತೋ, ಹೂಂ ಅನ್ನುವ ಮೊದಲೇ ಒನಕೆ ಬಿತ್ತು.

ಈಗ ಆ ಒನಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಬೆರಳು ಜಜ್ಜಿದವಳ ಹೆಸರಿನಲ್ಲಿ ಊಟದ ಮನೆ ತೆರೆಯುತ್ತೀ. ರೊಟ್ಟಿ ಬಡಿದದ್ದನ್ನು ನೆನಪಿಸುತ್ತೀ. ನಿನ್ನ ಅವ್ವನ ತಪ್ಪಿಗೆ ನೀನು ಬಡಿದೆ. ಅದರಲ್ಲಿ ನಿನ್ನ ದೊಡ್ಡತನ ಏನಿದೆ?

ಸಿಂದಗಿಯಲ್ಲಿ ನಿನ್ನ ಒಡಹುಟ್ಟಿದ ವಿಜಯಕ್ಕನ ಮನೆಯಲ್ಲಿ ದೊಡ್ಡವ್ವ ಇದ್ದಾಳೆಂದು ಗೊತ್ತು. ನಾನೇ ಹೋಗಿ ಕೇಳುತ್ತೇನೆ.

ಸುವರ್ಣಾ

*

ಪಣಜಿ
25 ಮಾರ್ಚ್ 2025

ಸುವರ್ಣಾ,

ನನ್ನ ಅವ್ವನ ಗೊಡವೆಗೆ ಹೋಗಬೇಡ. ಎಪ್ಪತ್ತೆಂಟು ವರ್ಷ. ಎದೆಯ ಕಾಯಿಲೆ ಇದೆ. ಸಿಂದಗಿಗೆ ಕಾಲಿಟ್ಟರೆ ನನ್ನಷ್ಟು ಕೆಟ್ಟವನು ಇನ್ನೊಬ್ಬನಿರುವುದಿಲ್ಲ.

ನಿನ್ನ ಒರಳು ನೀನೇ ಇಟ್ಟುಕೊ. ನನಗೆ ಬೇಡ. ಗಾಡಿ ಬರುವುದಿಲ್ಲ. ಹಿರಿಯರೂ ಬರುವುದಿಲ್ಲ. ಇಲ್ಲಿಗೆ ಮುಗಿಯಿತು.

ಶ್ರೀಶೈಲ

*

ಅಗರಖೇಡ
2 ಏಪ್ರಿಲ್ 2025

ಶ್ರೀಶೈಲ,

ನಿನ್ನ ಪತ್ರ ಶುಕ್ರವಾರ ಬಂತು. ಶನಿವಾರ ಅರ್ಧ ದಿನದ ರಜೆ ಹಾಕಿ ಇಂಡಿಗೆ ಹೋಗಿ, ಅಲ್ಲಿಂದ ಸಿಂದಗಿಯ ಬಸ್ ಹಿಡಿದೆ. ನೀನು ಬೇಡ ಎಂದ ಮೇಲೆ ಹೋಗದೇ ಇರುವುದು ಹೇಗೆ?

ವಿಜಯಕ್ಕ ಅಂಗಡಿಗೆ ಹೋಗಿದ್ದಳು. ದೊಡ್ಡವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ನೀಲವ್ವನ ಮಗಳಲ್ಲ? ಬಾ ತಂಗಿ," ಎಂದಳು. ನಾನು ಕೂರಲಿಲ್ಲ. ನೀರು ಕೊಟ್ಟಳು, ಮುಟ್ಟಲಿಲ್ಲ.

"ದೊಡ್ಡವ್ವ, ಖರೇ ಹೇಳು. ನಮ್ಮವ್ವನ ಬೆರಳು ಹೋದ ದಿನ ಒನಕಿ ಯಾರ ಕೈಯಾಗಿತ್ತು?"

ಬಳ್ಳೊಳ್ಳಿಯ ಮೊರ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ.

"ನನ್ನ ಕೈಯಾಗಿತ್ತು. ನಾನ ಮಾಡೀನಿ. ನನಗ ಏನ ಅಂತಿ ಅನ್ನು, ಹೊಡಿತಿ ಅಂದ್ರ ಹೊಡಿ. ನನ್ನ ಮಗನ ಹೆಸರು ಮಾತ್ರ ತಗೀಬ್ಯಾಡ, ನಿನ್ನ ಕಾಲ ಹಿಡಿತೀನಿ."

ನಾನು ನಿನ್ನ ಮಾತೇ ಎತ್ತಿರಲಿಲ್ಲ. ಮುಪ್ಪಿನವಳಿಗೂ ಮಗನ ಟಿವಿಯ ಹೆಸರಿನ ಚಿಂತೆಯೇ ನೋಡು! ಹೇಳುತ್ತಾ ಹೇಳುತ್ತಾ ಬಾಗಿ ನಿಜವಾಗಿಯೂ ನನ್ನ ಕಾಲಿಗೆ ಕೈ ಚಾಚಿದಳು. ನಾನು ಹಿಂದೆ ಸರಿದೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮೂವತ್ತು ವರ್ಷದ ಮೇಲೆ ಒಬ್ಬರ ಬಾಯಿಂದಾದರೂ ನಿಜ ಬಂತಲ್ಲ ಎಂದು ಬಸ್ಸಿನಲ್ಲಿ ಅಳುತ್ತಾ ಬಂದೆ.

ಈಗ ಕೇಳು. ಏಪ್ರಿಲ್ ಇಪ್ಪತ್ತರ ಒಳಗೆ ಆ ಊಟದ ಮನೆಯ ಹೆಸರು ಬದಲಾಗಬೇಕು. ಕಸ್ತೂರೆವ್ವನ ಹೆಸರು ತೆಗೆದು ನೀಲಗಂಗವ್ವನ ಹೆಸರು ಹಾಕಬೇಕು. ಇಲ್ಲವಾದರೆ ನಿನ್ನ ಅವ್ವ ಏನು ಮಾಡಿದಳು, ಏನು ಒಪ್ಪಿಕೊಂಡಳು ಎಂಬುದನ್ನು ನಿನ್ನ ಹೋಟೆಲಿನ ಮಾಲೀಕರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಬರೆಯುತ್ತೇನೆ. ಟಪಾಲಿನ ಕೆಲಸ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸುವರ್ಣಾ

*

ಪಣಜಿ
11 ಮೇ 2025

ಸುವರ್ಣಾ,

ನೀನು ಹೋಟೆಲಿಗೆ ಕಳಿಸಿದ ರಿಜಿಸ್ಟರ್ ಪತ್ರ ಏಪ್ರಿಲ್ ಇಪ್ಪತ್ತಾರಕ್ಕೆ ಬಂತು. ಮಾಲೀಕರಿಗೆ ಕನ್ನಡ ಬರುವುದಿಲ್ಲ. ಓದಿ ಹೇಳು ಎಂದು ನನ್ನ ಕೈಗೇ ಕೊಟ್ಟರು. ಊರಿನವರು ಶುಭ ಹಾರೈಸಿದ್ದಾರೆ ಎಂದು ಹೇಳಿ ಹರಿದು ಹಾಕಿದೆ. ಅಲ್ಲಿಯವರೆಗೂ ನಾನು ಅಂಥ ಮನುಷ್ಯನೇ ಆಗಿದ್ದೆ.

ಬಸವ ಜಯಂತಿಯ ಮಧ್ಯಾಹ್ನ ಊಟದ ಮನೆ ತೆರೆಯಿತು. ಇನ್ನೂರು ಜನ ಬಂದಿದ್ದರು. ಅಡ್ಡಪಂಕ್ತಿಯಲ್ಲಿ ಎಲೆ ಹಾಕಿಸಿದ್ದೆ. ಎಣ್ಣೆಗಾಯಿ ಬಡಿಸುವ ಮೊದಲು ಹೋಟೆಲಿನವರು ನನಗೆ ತಿಳಿಸದೆ ಒಂದು ಆಟ ಇಟ್ಟಿದ್ದರು. ಎಲ್ಲರ ಎಲೆಯ ತುದಿಗೆ ಒಂದು ಬಟ್ಟಲು ಉಪ್ಪು. ಮೈಕಿನಲ್ಲಿ ಒಬ್ಬಳು, 'ಈಗ ಎಲ್ಲರೂ ನಮ್ಮ ಶೆಫ್ ಮನೆತನದ ಪದ್ಧತಿಯಂತೆ' ಎಂದಳು. ಇನ್ನೂರು ಜನರೂ ಬಲಗೈ ಮೇಲೆತ್ತಿ ಎರಡೆರಡು ಬೆರಳು ಮಡಚಿದರು. ನಗುತ್ತಿದ್ದರು. ಸಣ್ಣ ಮಕ್ಕಳೂ ಇದ್ದರು. ಎಲ್ಲಿ ನೋಡಿದರೂ ಚಿಗವ್ವನ ಕೈ. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ, ಊಟ ಮುಗಿಯುವವರೆಗೆ ಒಳಗೆ ಬರಲಿಲ್ಲ.

ಆ ಸಂಜೆ ಸಿಂದಗಿಗೆ ಫೋನ್ ಮಾಡಿದೆ. "ಸುವರ್ಣಾ ಬಂದಿದ್ಲು. ನಾನ ಅಂತ ಹೇಳೀನಿ. ಮುಗೀತಲ್ಲ, ಇನ್ನ ಯಾಕ ಅದನ್ನ ಎತ್ತತಿ?" ಎಂದಳು ಅವ್ವ. ಅಷ್ಟು ಸಲೀಸಾಗಿ ಹೇಳಿದಳು. ನನ್ನನ್ನು ಉಳಿಸಲು ಅವಳು ಹೇಳಿದ ಇನ್ನೊಂದು ಸುಳ್ಳು ಅದು.

ಒನಕೆ ನನ್ನ ಕೈಯಲ್ಲಿತ್ತು.

ಮೊದಲಿನಿಂದ ಬರೆಯುತ್ತೇನೆ. ಆ ದಿನ ಅವ್ವ, ಚಿಗವ್ವ ಇಬ್ಬರೂ ನಗುನಗುತ್ತಾ ಕುಟ್ಟುತ್ತಿದ್ದರು. ಜಗಳ ಇರಲಿಲ್ಲ. ಬಾಗೇವಾಡಿಯ ಟಾಕೀಜಿನಲ್ಲಿ ಮಧ್ಯಾಹ್ನದ ಆಟಕ್ಕೆ ಹೋಗಬೇಕೆಂದು ನಾನು ತಯಾರಾಗಿದ್ದೆ. ಖಾರ ಕುಟ್ಟಿ ಮುಗಿದ ಮೇಲೆಯೇ ಹೋಗು, ಡಬ್ಬಿಗಳನ್ನು ಅಟ್ಟಕ್ಕೆ ಏರಿಸಬೇಕು ಎಂದಿದ್ದಳು ಅವ್ವ. ಬಸ್ಸು ತಪ್ಪುತ್ತದೆಂದು ನನಗೆ ಚಡಪಡಿಕೆ. ಯಾರೋ ಬಂದರೆಂದು ಅವ್ವ ಬಾಗಿಲಿಗೆ ಹೋದಳು. "ಹೆಂಗಸರ ಹಂಗ ಸಾವಕಾಶ ಕುಟ್ಟಿದ್ರ ಸಂಜಿ ಆಗ್ತದ, ಚಿಗವ್ವಾ. ನೋಡಿಲ್ಲೆ," ಎಂದು ಒನಕೆ ಎತ್ತಿದೆ. ಅವಳು ನಕ್ಕು, "ಹೂಂ ಅನ್ನೂತನ ಕಾಯಬೇಕು, ಗೊತ್ತೈತಲ್ಲ?" ಎಂದಳು. ಗೊತ್ತೈತಿ ಎಂದೆ. ಹತ್ತು ಹದಿನೈದು ಸಲ ಕಾದೆ. ಆಮೇಲೆ ಕಾಯಲಿಲ್ಲ.

ಸದ್ದು ಏನೂ ಬರಲಿಲ್ಲ, ಸುವರ್ಣಾ. ಕುಟ್ಟಿದ ಖಾರ ಮೆತ್ತಗಿತ್ತು. ಅವಳು ಕೈ ತೆಗೆದ ಮೇಲೆಯೇ ನನಗೆ ಗೊತ್ತಾದದ್ದು. ಒರಳಿನಲ್ಲಿ ಎಲ್ಲವೂ ಮೊದಲೇ ಕೆಂಪು. ಆ ಗಾಯಕ್ಕೆ ಖಾರ ಮೆತ್ತಿತ್ತು. ನಾನು ಅಳುತ್ತಾ ಮುಖಕ್ಕೆ ಕೈ ತಂದೆ. ಅವಳು ಎಡಗೈಯಿಂದ ನನ್ನ ಕೈ ಹಿಡಿದು, "ಕಣ್ಣ ಒರಸ್ಕೋಬ್ಯಾಡೋ, ಕೈ ಖಾರ ಐತಿ ನಿಂದು," ಎಂದಳು. ಆ ಹೊತ್ತಿನಲ್ಲಿ ಅವಳು ಆಡಿದ ಮಾತು ಅದೊಂದೇ.

ಗಾಣದ ಕಥೆ ಕಟ್ಟಿದವಳು ಅವ್ವ. ಕಾಕಾನ ಸಿಟ್ಟು ನಿನಗೂ ಗೊತ್ತು. ಚಿಗವ್ವ ದವಾಖಾನೆಯಲ್ಲಿ ಅದನ್ನೇ ಹೇಳಿದಳು. ನಾನು ಸುಮ್ಮನಿದ್ದೆ. ಅವ್ವ ನಾಚಿಕೆಗೆ ಅವಳ ಮುಖ ನೋಡದಾದಳು. ಅದನ್ನು ನೀನು ಬೇರೆ ಅರ್ಥ ಮಾಡಿಕೊಂಡೆ.

ಆ ಬೇಸಿಗೆ ಪೂರ್ತಿ ಅವಳು ಕೂತು ಹೇಳಿದಳು, ನಾನು ನಿಂತು ಮಾಡಿದೆ. ರೊಟ್ಟಿ, ಬ್ಯಾಳಿ, ಎಣ್ಣೆಗಾಯಿ, ಎಲ್ಲ. ನನಗೆ ಅಡುಗೆ ಬಂದದ್ದು ಅವಳಿಂದ, ಅವ್ವನಿಂದಲ್ಲ. ಗಾಯ ಮಾಯ್ದ ಮೇಲೆ ಉಪ್ಪು ಎಷ್ಟು ಎಂದು ಕೇಳಿದರೆ ಆ ಕೈಯಿಂದ ಹಿಡಿದು ತೋರಿಸಿದಳು. ನನ್ನ ಹಿಡಿಯಲ್ಲಿ ಹಾಕಿದರೆ ಹೆಚ್ಚಾಗುತ್ತಿತ್ತು. ಅದಕ್ಕೆ ಅವಳಂತೆ ಆಗಲೆಂದು ಎರಡು ಬೆರಳು ಮಡಚಿದೆ. ಮೂವತ್ತು ವರ್ಷದಿಂದ ಹಾಗೆಯೇ ಹಿಡಿಯುತ್ತೇನೆ, ಬೇರೆ ರೀತಿ ಬರುವುದೇ ಇಲ್ಲ. ಆ ಹುಡುಗಿ ಕ್ಯಾಮೆರಾದ ಮುಂದೆ ಕೇಳುವವರೆಗೆ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದ ಸುಳ್ಳು ಹೇಳಿದೆ. ಚಿಗವ್ವನ ಹೆಸರು ಬೋರ್ಡಿಗೆ ಹಾಕಿದರೆ ಜನ ಅವಳ ಕಥೆ ಕೇಳುತ್ತಾರೆ. ಅವ್ವನ ಹೆಸರು ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಅದಕ್ಕೇ ಅವಳ ಹೆಸರು.

ಮಣ್ಣಿಗೆ ರಜೆ ಸಿಕ್ಕಿತ್ತು. ವಿಜಯಪುರದ ಬಸ್ ನಿಲ್ದಾಣದವರೆಗೆ ಬಂದಿದ್ದೆ. ಇಂಡಿಯ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ.

ತಪ್ಪಾಯಿತು ಎಂದು ಅವಳಿಗೆ ಒಂದು ದಿನವೂ ಹೇಳಲಿಲ್ಲ. ಈಗ ನಿನಗೆ ಹೇಳಿದರೆ ಅದು ಅವಳಿಗೆ ಮುಟ್ಟುವುದಿಲ್ಲ ಎಂದೂ ಗೊತ್ತು. ಏನು ಮಾಡಲಿ, ನೀನೇ ಹೇಳು. ಅವ್ವನನ್ನು ಮಾತ್ರ ಬಿಟ್ಟುಬಿಡು.

ಶ್ರೀಶೈಲ

*

ಅಗರಖೇಡ
17 ಮೇ 2025

ಶ್ರೀಶೈಲ,

ಮೂರು ಸಲ ಬರೆಯಲು ಕೂತು ಮೂರು ಸಲವೂ ಕಾಗದ ಹರಿದೆ. ಇದು ನಾಲ್ಕನೆಯದು.

ಒಂದು ಸಿನಿಮಾಕ್ಕಾಗಿಯೇ? ಯಾವ ಸಿನಿಮಾ ಎಂದೂ ನೀನು ಬರೆದಿಲ್ಲ. ನಿನಗೆ ನೆನಪಿಲ್ಲವೆಂದು ಕಾಣುತ್ತದೆ.

ದೊಡ್ಡವ್ವ ಕಾಲಿಗೆ ಕೈ ಚಾಚಿದಾಗ ನಾನು ಹಿಂದೆ ಸರಿದೆ, ಖುಷಿಪಟ್ಟೆ. ನೀನು ಬಾಯಿ ಮುಚ್ಚಿಕೊಂಡು ಕೂತದ್ದರಿಂದ ಮಾಡದ ತಪ್ಪಿಗೆ ಆ ಮುಪ್ಪಿನವಳು ನನ್ನ ಮುಂದೆ ಬಾಗಿದಳು. ಅವಳು ನಿನ್ನ ಹೆಸರು ತೆಗೆದಾಗಲೇ ನನಗೆ ತಿಳಿಯಬೇಕಿತ್ತು. ಸಿಟ್ಟು ನನ್ನ ಕಿವಿ ಮುಚ್ಚಿತ್ತು. ಮೊನ್ನೆ ಸಿಂದಗಿಗೆ ಹೋಗಿ ಬಂದೆ. ಕೊಟ್ಟ ನೀರು ಕುಡಿದೆ. ಅಲ್ಲಿ ಆಡಿದ ಮಾತು ನಿನಗೆ ಬೇಕಾಗಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ಮನೆ ಪಾಲಾಗಿ ಅವ್ವ ಇಲ್ಲಿಗೆ ಬಂದ ಮೇಲೆ ಪ್ರತಿ ಬೇಸಿಗೆಯಲ್ಲೂ ನಾನು ಕುಟ್ಟುತ್ತಿದ್ದೆ, ಅವಳು ಅದೇ ಮೂರು ಬೆರಳಿನಿಂದ ಕೈಯಾಡಿಸುತ್ತಿದ್ದಳು. ಹೆದರುತ್ತಿರಲಿಲ್ಲ. ಮೆಣಸಿನಕಾಯಿ ಹುರಿಯುವ ದಿನ ತಪ್ಪದೆ, "ಶ್ರೀಶೈಲ ಬರ್ತಾನೇನು ನೋಡು," ಎನ್ನುತ್ತಿದ್ದಳು. ಯಾಕೆ ಅವನು ಎಂದರೆ, "ಅವಂದೊಂದು ಮಾತು ಬಾಕಿ ಐತಿ," ಎನ್ನುತ್ತಿದ್ದಳು. ಸುಮ್ಮನೆ ಅನ್ನುತ್ತಾಳೆಂದುಕೊಂಡೆ. ಅಭಿಮಾನಕ್ಕೆ ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ಬರುತ್ತಿದ್ದೆಯೋ ಇಲ್ಲವೋ, ಅದು ಇನ್ನು ಗೊತ್ತಾಗುವುದಿಲ್ಲ. ಇಪ್ಪತ್ತಾರು ಬೇಸಿಗೆ ಕಾದಳು.

ಏನು ಮಾಡಲಿ ಎಂದು ಕೇಳಿದ್ದೀ. ಎಲ್ಲಿ ಸುಳ್ಳು ಹೇಳಿದ್ದೀಯೋ ಅಲ್ಲಿಯೇ ನಿಂತು ನಿಜ ಹೇಳು. ಬೋರ್ಡಿನ ಮೇಲೆ ಯಾರ ಹೆಸರಿರಬೇಕೋ ಅವರ ಹೆಸರು ಹಾಕು. ಇವೆರಡೂ ಆದ ಮೇಲೆ ಜೂನ್ ಒಂದು, ಭಾನುವಾರ, ಇಲ್ಲಿಗೆ ಬಾ. ಮಳೆ ಹಿಡಿಯುವ ಮೊದಲು ಈ ವರ್ಷದ ಖಾರ ಕುಟ್ಟಬೇಕು. ಅವ್ವ ಹೋದ ಮೇಲೆ ನಾನು ಕುಟ್ಟಿಲ್ಲ.

ಒನಕೆ ನನ್ನ ಕೈಯಲ್ಲಿರುತ್ತದೆ. ನೀನು ಕೂತು ಕೈಯಾಡಿಸು. ಕೂತು ಕೈಯಾಡಿಸುವವರ ಕೆಲಸ ಎಷ್ಟು ಸಣ್ಣದೆಂದು ನೋಡು.

ಸುವರ್ಣಾ

*

ಪಣಜಿ
22 ಮೇ 2025

ಸುವರ್ಣಾ,

ನಿನ್ನೆ ಅದೇ ಕಾರ್ಯಕ್ರಮದಲ್ಲಿ ನಿಜ ಹೇಳಿದೆ. ಈ ಪತ್ರ ನಿನಗೆ ಮುಟ್ಟುವ ಹೊತ್ತಿಗೆ ಆಯೇಶಾ ತೋರಿಸಿರುತ್ತಾಳೆ. ಬೋರ್ಡು ಇಳಿಸಿದ್ದಾರೆ, ಹೊಸದು ಆಗುತ್ತಿದೆ.

ಬರುತ್ತೇನೆ. ಕೈಗೆ ಏನೂ ಸುತ್ತಿಕೊಂಡು ಬರುವುದಿಲ್ಲ.

ಶ್ರೀಶೈಲ

*

ಅಗರಖೇಡ
9 ಜೂನ್ 2025

ಶ್ರೀಶೈಲಣ್ಣನಿಗೆ,

ಖಾರದ ಡಬ್ಬಿ ಪಾರ್ಸೆಲ್ಲಿಗೆ ಹಾಕಿದ್ದೇನೆ. ಬಾಯಿಗೆ ಮೇಣ ಹಚ್ಚಿದ್ದೇನೆ, ಬಿಸಿಲಿಗೆ ಇಡಬೇಡ. ಉಪ್ಪು ಸರಿಯಾಗಿದೆ. ಅದು ಅವ್ವನ ಅಳತೆಯೇ, ಒಪ್ಪುತ್ತೇನೆ.

ನೀನು ಟಿವಿಯಲ್ಲಿ ಹೇಳಿದ್ದನ್ನು ಊರಿನವರೆಲ್ಲ ನೋಡಿದರು. ಸಾಲಿ ಹುಡುಗರು ಈಗ ಐದೂ ಬೆರಳಿನಲ್ಲಿ ಉಪ್ಪು ಹಿಡಿಯುತ್ತಿದ್ದಾರೆ. ನನ್ನ ಮುಂದೆ ನಕ್ಕಿದ್ದ ಆ ಹುಡುಗ ಕಚೇರಿಯ ಬಾಗಿಲಿಗೆ ಬಂದು, ಏನೂ ಹೇಳದೆ ನಿಂತು ಹೋದ. ಹೊಸ ಬೋರ್ಡಿನ ಫೋಟೋ ಮುಟ್ಟಿದೆ. 'ನೀಲಗಂಗವ್ವನ ಖಾರ' ಎಂದು ಓದಿಕೊಂಡು ಲಕೋಟೆಯಲ್ಲಿಯೇ ಇಟ್ಟಿದ್ದೇನೆ. ಗೋಡೆಗೆ ಹಾಕುವ ಮನಸ್ಸು ಇನ್ನೂ ಆಗಿಲ್ಲ.

ಆ ದಿನ ನಾನು ನಿನ್ನ ಜೊತೆ ಮಾತಾಡಲಿಲ್ಲ. ಈಗ ಬರೆಯುತ್ತೇನೆ.

ಮೊದಲ ಸಲ ನೀನು ಕೈಯಾಡಿಸಿ ಹೊರಗೆ ತೆಗೆದೆ. ಹೂಂ ಎನ್ನಲಿಲ್ಲ. ನಾನು ಒನಕೆ ಎತ್ತಿ ಹಿಡಿದು ನಿಂತೆ. ಆಯೇಶಾ ಬಾಗಿಲಿನಿಂದ, "ಅಕ್ಕಾರ, ಇಳಸ್ರಿ ಅದನ್ನ," ಎಂದಳು. ಇಳಿಸಲೂ ಇಲ್ಲ, ಬಿಡಲೂ ಇಲ್ಲ. ನೀನು ಹೂಂ ಎಂದ ಮೇಲೆ ಬಿಟ್ಟೆ. ಆಮೇಲೆ ತಾಳ ಹಿಡಿಯಿತು.

ನಡುವೆ ಒಮ್ಮೆ ನೀನು ಕೈಯನ್ನು ಒಳಗೇ ಇಟ್ಟುಕೊಂಡು ಹೂಂ ಎಂದೆ. ತಪ್ಪಿ ಎಂದದ್ದಲ್ಲ. ಬೇಕೆಂದೇ ಎಂದೆ, ಕಣ್ಣು ಮುಚ್ಚಿಕೊಂಡು. ನಾನು ನೋಡಿದೆ. ಒನಕೆಯನ್ನು ತಿರುಗಿಸಿ ನೆಲಕ್ಕೆ ಬಡಿದೆ. ನೆಲದ ಫರಸಿ ಕಲ್ಲು ಒಡೆದದ್ದು ನೀನು ಕಂಡಿದ್ದೀ. ಎರಡು ಬೆರಳು ಕೊಟ್ಟು ಮುಗಿಸಿಕೊಳ್ಳಬೇಕೆಂದಿದ್ದೆಯಾ? ಅಷ್ಟು ಸಸ್ತಾ ಅಲ್ಲ ಅದು. ನಿನ್ನ ಬೆರಳು ನನಗೆ ಬೇಡ. ಅವು ನಿನ್ನ ಹತ್ತಿರವೇ ಇರಲಿ, ಉಪ್ಪು ಹಿಡಿಯುವಾಗಲೆಲ್ಲ ಮಡಚು.

ಹೋಗುವಾಗ ನೀನು, 'ನನ್ನನ್ನ ಕ್ಷಮಿಸೀಯೇನು?' ಎಂದು ಕೇಳಿದೆ. ಇಲ್ಲ, ಕ್ಷಮಿಸಿಲ್ಲ. ಅದು ನನ್ನ ಕೈಯಲ್ಲಿರುವ ಕೆಲಸವೂ ಅಲ್ಲ. ಒಡೆದ ಫರಸಿಯನ್ನು ಹಾಗೆಯೇ ಬಿಟ್ಟಿದ್ದೇನೆ. ಮುಂದಿನ ಬೇಸಿಗೆಯಲ್ಲಿ ಮೆಣಸಿನಕಾಯಿ ಹುರಿಯುವ ದಿನ ತಿಳಿಸುತ್ತೇನೆ, ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಆ ಮಧ್ಯಾಹ್ನ ಒಂದು ಸೇರು ಖಾರ ಕುಟ್ಟಿದೆವು. ನನಗೆ ಮೈಯೆಲ್ಲ ಸಿಟ್ಟಿತ್ತು, ಕೈಯಲ್ಲಿ ಒನಕೆ ಇತ್ತು, ಕೆಳಗೆ ನಿನ್ನ ಕೈ ಇತ್ತು. ಆದರೂ ಪ್ರತಿಸಲ ನೀನು ಹೂಂ ಎನ್ನುವವರೆಗೆ ಕಾದೆ. ಅವತ್ತು ನೀನು ಮಾಡಬೇಕಾಗಿದ್ದದ್ದೂ ಅಷ್ಟೇ ಆಗಿತ್ತು.

ಸುವರ್ಣಾ